ಬ್ಯಾರನ್ನಿಗೆ ಮೊದಲ ಬೆಂಕಿ

“ಕತ್ತು ಬಿಗಿ ಹಿಡೀಬ್ಯಾಡ, ಸಡ್ಲ ಬಿಡು,” ಎಂದು ಗದರುತ್ತ ಕಾಮಾಕ್ಷಿ ಮಗಳ ನೆತ್ತಿಗೆ ಬಿಸಿ ಹರಳೆಣ್ಣೆ ತಟ್ಟುತ್ತಿರುವಾಗ ಫೋನು ಹೊಡೆದುಕೊಂಡಿತು. ಜಪಾನಿನ ವಾಕೋದ ಫ್ಲಾಟಿನ ಪುಟ್ಟ ಹಾಲಿನಲ್ಲಿ ಹಳೇ ಪೇಪರು ಹಾಸಿಕೊಂಡು ತಾಯಿ ಮಗಳು ಕೂತಿದ್ದರು. ತಿಂಗಳ ಕೂಸು ಪಕ್ಕದಲ್ಲೇ ಮಲಗಿತ್ತು. ಅಳಿಯ ಅನೂಪ್ ಆಫೀಸಿನಿಂದ ಇನ್ನೂ ಬಂದಿರಲಿಲ್ಲ.

“ಅಪ್ಪಂದು, ವಿಡಿಯೋ ಕಾಲ್,” ಎಂದು ಯಾಮಿನಿ ಫೋನನ್ನು ಮೇಜಿನ ಕಾಲಿಗೆ ಒರಗಿಸಿದಳು.

ಪಿರಿಯಾಪಟ್ಟಣದ ಹೊಲದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ, ವಿಶ್ವನಾಥ ಶಲ್ಯ ಹೊದ್ದು ಮದುಮಗನ ಹಾಗೆ ನಿಂತಿದ್ದ. ಹಿಂದೆ ಸೊಪ್ಪು ಕಟ್ಟುವ ಹೆಣ್ಣಾಳುಗಳು, ಅವರ ಮುಂದಾಳು ಜಯಮ್ಮ. ಹಸಿ ಸೊಪ್ಪನ್ನೆಲ್ಲ ಕಡ್ಡಿಗಳಿಗೆ ಕಟ್ಟಿ ಒಳಗೆ ಏರಿಸಿಯಾಗಿತ್ತು. ಇನ್ನು ಒಲೆಗೆ ಬೆಂಕಿ ಕೊಟ್ಟು ಬೇಯಿಸುವುದೊಂದೇ ಬಾಕಿ.

“ಕಾಮಾಕ್ಷಿ, ಬಿರ್ರನೆ ಬಾ. ಒಳ್ಳೆ ಗಳಿಗೆ ಇನ್ನೇನು ಮುಗೀತದೆ. ಅಲ್ಲೊಂದು ದೀಪ ಹಚ್ಚಿ ಫೋನಿಗೆ ತೋರ್ಸು. ಅದೇ ಹೊತ್ಗೆ ನಾನಿಲ್ಲಿ ಬೆಂಕಿ ಕೊಡ್ತೀನಿ. ನಿನ್ನ ಕೈಯಿಂದ್ಲೇ ಹಚ್ಚಿದ ಲೆಕ್ಕ.”

ಆ ಮನೆಯ ಪದ್ಧತಿಯೇ ಹಾಗೆ. ವರ್ಷದ ಮೊದಲ ಬೆಂಕಿ ಮನೆಯೊಡತಿಯ ಕೈಯಿಂದಲೇ ಆಗಬೇಕು. ಒಂದೇ ಒಂದು ವರ್ಷ, ಯಾಮಿನಿ ಹುಟ್ಟಿದ ವರ್ಷ, ಕಾಮಾಕ್ಷಿ ತವರಿನಲ್ಲಿದ್ದಾಗ ವಿಶ್ವನಾಥ ತಾನೇ ಹಚ್ಚಿದ. ಬ್ಯಾರನ್ನಿನ ಸೂರೇ ಹೊತ್ತಿ ಉರಿಯಿತು. ಮರುದಿನವೇ ಹೋಗಿ ಹಸಿ ಬಾಣಂತಿಯನ್ನು ಕರೆತಂದ. ಹೊಸ ಸೂರು ಹೊದಿಸಿದ ಕೂಡಲೇ ಹೆಸರೂ ಇಡದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅವಳು ಒಲೆಯ ಮುಂದೆ ಕೂತಳು, ಆಮೇಲೆ ಬೆಂದ ಸೊಪ್ಪು ವಿಂಗಡಿಸಲು ಕೂತಳು. ಅಂದು ಹಿಡಿದ ಸೊಂಟ ಇವತ್ತಿಗೂ ಬಿಟ್ಟಿಲ್ಲ. ಊರವರು ಮಾತ್ರ ಆಹಾ, ಏನು ಕೈಗುಣ ಎಂದು ಹೊಗಳಿದರು. ಹೊಗಳುವುದಕ್ಕೇನು, ಸೊಂಟ ಅವರದಲ್ಲವಲ್ಲ!

“ಇಲ್ಲಿ ಬೆಂಕಿ ಗಿಂಕಿ ಹಚ್ಚಂಗಿಲ್ಲ,” ಎಂದಳು ಕಾಮಾಕ್ಷಿ. “ಮೊನ್ನೆ ಮಗೀಗೆ ಸಾಂಬ್ರಾಣಿ ಹಾಕ್ದೆ. ಸೂರಲ್ಲಿರೋ ಅದ್ಯಾವ್ದೋ ಡಬ್ಬಿ ಬಡ್ಕಂಡು ಬಿಲ್ಡಿಂಗಿನೋರೆಲ್ಲ ಈಚೆ ಬಂದ್ರು. ನಿಮ್ ಮಗಳು ಸುಮಿಮಾಸೆನ್ ಸುಮಿಮಾಸೆನ್, ತಪ್ಪಾಯ್ತು ತಪ್ಪಾಯ್ತು ಅಂತ ಬಗ್ಗಿ ಬಗ್ಗಿ ಸುಸ್ತಾದ್ಲು.”

“ಬ್ಯಾಟ್ರಿನಾದ್ರೂ ಹಾಕು ತಾಯಿ! ಆಮೇಲೆ, ಅಳಿಯಂದಿರಿಗೆ ಹೇಳಿದೀನಿ, ಮುಂದಿನ ವಾರಕ್ಕೆ ನಿನ್ನ ಟಿಕೆಟ್ ಮಾಡುಸ್ತಾರೆ. ಬೇಯ್ಸೋ ಕಾಲ, ನೀನಿಲ್ದೆ ಆಗಕಿಲ್ಲ.”

ಯಾಮಿನಿ ತಟ್ಟನೆ ತಲೆಯೆತ್ತಿದಳು. “ಅಪ್ಪ, ಅಮ್ಮಂಗೆ ತ್ರೀ ಮಂತ್ಸ್ ವೀಸಾ ಇದೆ. ನನಗಿನ್ನೂ ಸರಿಯಾಗಿ ಕೂತು ಏಳೋಕೇ ಆಗ್ತಿಲ್ಲ.”

“ಜಪಾನಲ್ಲಿ ಆಸ್ಪತ್ರೆ ಇಲ್ವೇನವ್ವ? ನಿಮ್ಮಮ್ಮ ನಿನ್ನ ಹೆತ್ತಾಗ ಎಷ್ಟು ದಿನ ಮಲ್ಗಿದ್ಲು ಕೇಳು.”

ಆ ಮಾತನ್ನು ಅವನು ಆಡಬಾರದಿತ್ತು. ಕಾಮಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಎಣ್ಣೆಕೈಯನ್ನು ಸೆರಗಿಗೆ ಒರೆಸಿ ಫೋನು ಎತ್ತಿಕೊಂಡಳು.

“ಎಷ್ಟು ದಿನ ಮಲ್ಗಿದ್ದೆ ಅಂತ ನಾನೇ ಹೇಳ್ಲಾ, ಅಷ್ಟು ಜನದ ಮುಂದೆ?”

ವಿಶ್ವನಾಥ ಶಲ್ಯ ಸರಿಮಾಡಿಕೊಂಡ. “ಈಗ್ಯಾಕೆ ಅದು. ದೀಪ ಹಚ್ಚು.”

“ಹಚ್ಚಕಿಲ್ಲ. ಮುಂದಿನ ವಾರ ಬರಾಕೂ ಇಲ್ಲ. ನನ್ನ ಬಾಣಂತನ ನಿಮ್ಮ ಒಲೆಗೆ ಹೋಯ್ತು. ಮಗಳದ್ದೂ ಹೋಗಾಕೆ ಬಿಡಕಿಲ್ಲ.”

“ಸೊಪ್ಪು ಒಳಗೇ ಕೊಳೀತದೆ ಕಣೇ! ನಾನು ಹಚ್ಚಿದ್ರೆ ಏನಾಯ್ತದೆ ಅಂತ ನಿಂಗೇ ಗೊತ್ತು. ನಿನ್ನ ಕೈಯೇ ಬೇಕು.”

ಸುಳ್ಳೇಕೆ, ಆ ಕೈಯ ಬಗ್ಗೆ ಕಾಮಾಕ್ಷಿಗೂ ಹೆಮ್ಮೆಯಿತ್ತು. ಹೊಗೆಸೊಪ್ಪು ಬೆಳೆಯುವ ಲೈಸೆನ್ಸು ಗಂಡನ ಹೆಸರಿನಲ್ಲಿ, ಹೊಲ ಮಾವನ ಹೆಸರಿನಲ್ಲಿ. ಆ ಮನೆಯಲ್ಲಿ ತನ್ನದು ಎಂದು ಅವಳಿಗಿದ್ದದ್ದು ವರ್ಷಕ್ಕೊಮ್ಮೆ ಕಡ್ಡಿ ಗೀರುವುದೊಂದೇ. ಅದನ್ನು ಹಿಡಿದುಕೊಂಡೇ ಅವನು ಪ್ರತಿಸಲ ಅವಳನ್ನು ಎಳೆದು ತರುತ್ತಿದ್ದ.

“ಜಯಮ್ಮಾ,” ಎಂದು ಕೂಗಿದಳು.

ಜಯಮ್ಮ ಸೆರಗು ಸಿಕ್ಕಿಸಿಕೊಂಡು ಫೋನಿನ ಹತ್ತಿರ ಬಂದಳು. “ಏನ್ರವ್ವಾ?”

“ಬೆಂಕಿಪಟ್ಣ ಇಸ್ಕೊ. ನೀನು ಹಚ್ಚು.”

“ಅಯ್ಯಯ್ಯೋ, ನಾನಾ?”

“ನೀನೇ ಕಣೆ. ಇಷ್ಟು ವರ್ಷ ನನ್ ಜೊತೆಗೆ ಹೊಗೆ ಕುಡ್ದಿಲ್ವಾ? ಮನೆಯೊಡತಿ ನಾನು ಹೇಳ್ತಿದೀನಿ, ಹಚ್ಚು.”

“ತಲೆ ಕೆಟ್ಟದೇನೇ ನಿಂಗೆ? ಕೂಲಿ ಹೆಂಗ್ಸಿನ ಕೈಲಿ...” ಎಂದ ವಿಶ್ವನಾಥ ಅಲ್ಲಿಗೇ ನಿಲ್ಲಿಸಿದ. ಹೆಣ್ಣಾಳುಗಳೆಲ್ಲ ಅವನನ್ನೇ ನೋಡುತ್ತಿದ್ದರು. ಇವರು ಮುನಿಸಿಕೊಂಡು ಎದ್ದು ಹೋದರೆ ನಾಳೆ ಸೊಪ್ಪು ಕಟ್ಟುವವರು ಯಾರು? ಒಲೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಕೊನೆಗೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಜಯಮ್ಮನ ಕೈಗೆ ಹಾಕಿದ.

ಜಯಮ್ಮ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮೊದಲ ಕಡ್ಡಿ ಆರಿತು. ಮತ್ತೊಂದು ಗೀರಿದಳು, ಪುಳ್ಳೆಗೆ ಹತ್ತಿಕೊಂಡಿತು. ಹೆಣ್ಣಾಳುಗಳು ಹೋ ಎಂದು ಕೂಗಿದರು. ವಿಶ್ವನಾಥ ಫೋನನ್ನು ಒಲೆಯಿಂದ ಸೂರಿನತ್ತ ಎತ್ತಿದ. ಸೂರಿಗೆ ಏನೂ ಆಗಲಿಲ್ಲ.

ಕಾಮಾಕ್ಷಿಗೆ ಗೆದ್ದೆ ಅನ್ನಿಸಿತು.

ಜಯಮ್ಮ ಕೂತಲ್ಲಿಂದಲೇ ಮುಖ ತಿರುಗಿಸಿ ಕೇಳಿದಳು: “ಅವ್ವಾ, ಇನ್ಮ್ಯಾಕೆ ಬರ್ಸ ಬರ್ಸವೂ ನಾನೇಯಾ?”

ಇಷ್ಟು ವರ್ಷ ಕಡ್ಡಿ ಗೀರಿದ ಕೈಯನ್ನು ಕಾಮಾಕ್ಷಿ ಮತ್ತೊಮ್ಮೆ ಸೆರಗಿಗೆ ಒರೆಸಿಕೊಂಡಳು. ಯಾಮಿನಿ ಅಮ್ಮನ ಮುಖವನ್ನೇ ನೋಡಿದಳು.

“ಹೂಂ. ನೀನೇ,” ಎಂದು ಕಾಮಾಕ್ಷಿ ಫೋನು ಇಟ್ಟಳು. ಮಗಳ ಕಡೆ ತಿರುಗಿ, “ಟಿಕೆಟ್ ಗಿಕೆಟ್ ಮುಟ್ಬ್ಯಾಡ ಅಂತ ನಿನ್ ಗಂಡಂಗೆ ಮೆಸೇಜ್ ಹಾಕು. ಏಳು, ನೀರಿಗೆ,” ಎಂದಳು.

ಬಚ್ಚಲಲ್ಲಿ ಮಗಳನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿಗೆ ರಪರಪ ಬಿಸಿನೀರು ಹೊಯ್ಯತೊಡಗಿದಳು. ಕನ್ನಡಿಯೆಲ್ಲ ಮಂಜಾಯಿತು.

“ಅಮ್ಮಾ, ಸುಡ್ತಿದೆ!”

“ಸುಡ್ಲಿ. ಕೂತ್ಕೊ,” ಎಂದು ಕಾಮಾಕ್ಷಿ ಇನ್ನೊಂದು ಚೊಂಬು ತುಂಬಿದಳು.