ಬಾಯಿ ತೆರೆಯಬಾರದ ವೀರ

ಫಿಜಿಯ ವುನಿವಾಯ್ ಊರಿಗೆ ಇದ್ದದ್ದು ಒಬ್ಬನೇ ಪದಕದ ಸಿಪಾಯಿ. ಹೆಸರು ಇಲಿಸೋನಿ, ಊರ ದೊರೆಯ ಖಾಸಾ ತಮ್ಮ, ಅದಕ್ಕೇ ಹೆಸರಿನ ಮುಂದೆ 'ರಾತು' ಎಂಬ ಬಿರುದು. ಮಲಯದ ಕಾಡಿನಲ್ಲಿ ಕಮ್ಯುನಿಸ್ಟರು ಎರಡೂ ಕಡೆಯಿಂದ ಗುಂಡು ಹಾರಿಸುತ್ತಿದ್ದಾಗ, ಗಾಯಗೊಂಡ ನ್ಯೂಜಿಲೆಂಡಿನ ಲೆಫ್ಟಿನೆಂಟನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಅಂತ ಇಂಗ್ಲೆಂಡಿನ ರಾಣಿಯ ಮುಖವಿರುವ ಬೆಳ್ಳಿಯ ಪದಕ ಕೊಟ್ಟರು. ಊರಿನವರು ಅಷ್ಟಕ್ಕೇ ಬಿಡಲಿಲ್ಲ. ಶಾಲೆಗೆ ಅವನ ಹೆಸರಿಟ್ಟರು, ದೋಣಿಗೆ ಇಟ್ಟರು, ಕೊನೆಗೆ ಪಾದ್ರಿ ಸಾಕಿದ ಹೋರಿಗೂ ಇಟ್ಟರು. ಹೋರಿ ಯಾರದೋ ಕೆಸುವಿನ ತೋಟಕ್ಕೆ ನುಗ್ಗಿದಾಗ "ಇಲಿಸೋನಿಗೆ ನಾಲ್ಕು ಬಾರಿಸಿ" ಎಂಬ ಕೂಗು ಕೇಳಿ ನಾನು ಎಷ್ಟೋ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಆ ವೀರಗಾಥೆಯನ್ನು ಸಾಕಿ ಬೆಳೆಸಿದವನು ಊರಿನ ಮಾತುಗಾರ ತೊಮಾಸಿ. ನಮ್ಮ ಫಿಜಿಯಲ್ಲಿ ದೊಡ್ಡ ಮನೆತನದವರು ಸಭೆಯಲ್ಲಿ ತಾವಾಗಿ ಬಾಯಿ ಬಿಡುವಂತಿಲ್ಲ. ಅವರ ಪರವಾಗಿ ಮಾತುಗಾರನೇ ಆಡಬೇಕು. ಅವನು ಆಡಿದ್ದನ್ನು 'ಅಲ್ಲ' ಎನ್ನುವುದು ತುಂಬಿದ ಸಭೆಯಲ್ಲಿ ಉಟ್ಟ ಬಟ್ಟೆ ಬಿಚ್ಚಿದಷ್ಟು ನಾಚಿಕೆಗೇಡು. ಹಾಗಾಗಿ ವರ್ಷಕ್ಕೊಮ್ಮೆ ಯಂಗೋನ ಬೇರಿನ ಪಾನಕದ ಬಟ್ಟಲು ಸುತ್ತು ಬರುವಾಗ ತೊಮಾಸಿ ಕಥೆ ಹೇಳುತ್ತಿದ್ದ, ಇಲಿಸೋನಿ ಚಾಪೆಯ ಮೇಲಿನ ಹೆಣಿಗೆ ಎಣಿಸುತ್ತ ಕೂತಿರುತ್ತಿದ್ದ. ಮೊದಲ ವರ್ಷ ವೈರಿಗಳು ಐದು ಜನ. ಹತ್ತನೇ ವರ್ಷಕ್ಕೆ ಮೂವತ್ತು. ಇಪ್ಪತ್ತನೇ ವರ್ಷ ಹೊಳೆ ಎರಡಷ್ಟು ಅಗಲವಾಯಿತು, ಆಚೆ ದಡದಲ್ಲಿ ಒಂದು ಹುಲಿ ಕಾಣಿಸಿಕೊಂಡಿತು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನಕ್ಕೆ ಹುಲಿಯನ್ನೇ ಕೊಟ್ಟರೆ ಕೇಳಬೇಕೆ?

ಇಷ್ಟಾದರೆ ನನ್ನ ತಕರಾರಿರಲಿಲ್ಲ. ಆದರೆ ಕಥೆಗೆ ಒಬ್ಬ ವೀರ ಸಿಕ್ಕಿದ ಮೇಲೆ ಪಕ್ಕದಲ್ಲೊಬ್ಬ ಹೇಡಿ ಇರಬೇಕು ಅಂತ ತೊಮಾಸಿಗೆ ಅನ್ನಿಸಿತು. ಅದಕ್ಕೆ ಎಮೋಸಿ ಸಿಕ್ಕಿದ. ಅದೇ ಊರಿನವನು, ಅದೇ ತುಕಡಿಯವನು, ಅದೇ ದಿನ ಕಾಣೆಯಾದವನು. ಸೈನ್ಯದ ಕಾಗದದಲ್ಲಿ 'ಕಾಣೆಯಾಗಿದ್ದಾನೆ' ಎಂದಷ್ಟೇ ಇತ್ತು. ತೊಮಾಸಿಯ ಬಾಯಲ್ಲಿ ಅದು "ಜೊತೆಗಾರ ಓಡಿದ, ನಮ್ಮ ಸಿಂಹ ನಿಂತ" ಎಂದಾಯಿತು. ಹಡಗಿನಲ್ಲಿ ದುಡಿಯುತ್ತಿದ್ದ ಯಾರದೋ ಷಡ್ಡಕ ಎಮೋಸಿಯನ್ನು ಸಿಂಗಪುರದಲ್ಲಿ ನೋಡಿದನಂತೆ. ಮಲಯದ ಹೆಂಗಸೊಬ್ಬಳನ್ನು ಕಟ್ಟಿಕೊಂಡು ಹಣ್ಣು ಮಾರುತ್ತಿದ್ದನಂತೆ. ಎಮೋಸಿಯ ಹೆಂಡತಿ ಮೆರೆಯೋನಿ ಊರಲ್ಲೇ ಇದ್ದಳು. ಅವಳಷ್ಟು ನಯವಾಗಿ ಚಾಪೆ ಹೆಣೆಯುವವರು ಆ ಕರಾವಳಿಯಲ್ಲಿ ಇರಲಿಲ್ಲ, ಆದರೆ ಅವಳ ಚಾಪೆಯನ್ನು ದೊರೆಯ ಮನೆಯಲ್ಲಿ ಹಾಸುತ್ತಿರಲಿಲ್ಲ. ಗಂಡ ಸತ್ತನೆಂದು ಕಪ್ಪು ಉಡುವಂತಿಲ್ಲ, ಇದ್ದಾನೆಂದು ಹೇಳಿಕೊಳ್ಳುವಂತಿಲ್ಲ. ಇಪ್ಪತ್ತೈದು ವರ್ಷ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಳು.

ಇನ್ನು ನಾನು. ಹೆಸರು ಅಪಿಸಾಯ್, ಬೇರೆ ದ್ವೀಪದವನು, ವುನಿವಾಯ್ ನನ್ನ ಹೆಂಡತಿಯ ತವರು, ಮದುವೆಯಾದ ಮೇಲೆ ಇಲ್ಲೇ ನೆಲೆಸಿದೆ. ಹಲ್ಲು ಸರಿಯಿಲ್ಲವೆಂದು ಸೈನ್ಯ ನನ್ನನ್ನು ಸೇರಿಸಿಕೊಳ್ಳಲಿಲ್ಲ. ವೈರಿಯನ್ನು ಕಚ್ಚಬೇಕಾಗಿತ್ತೋ ಏನೋ. ನಮ್ಮೂರಿಗೂ ವುನಿವಾಯ್‌ಗೂ ತೌವು ಸಂಬಂಧ. ಎರಡೂ ಊರಿಗೆ ಮೂಲದೈವ ಒಂದೇ, ಆದ್ದರಿಂದ ಒಬ್ಬರನ್ನೊಬ್ಬರು ಬೈಯಬಹುದು, ಕೋಳಿ ಹೊತ್ತೊಯ್ಯಬಹುದು, ದೊರೆಯ ತಲೆಯನ್ನು ಕುಂಬಳಕಾಯಿ ಅನ್ನಬಹುದು. ಕೋಪ ಮಾಡಿಕೊಂಡವನೇ ಸೋತ. ದೊಡ್ಡವರ ಸಭೆಯಲ್ಲಿ ಬಾಯಿಗೆ ಬೀಗವಿಲ್ಲದವನು ನಾನೊಬ್ಬನೇ.

ಇಪ್ಪತ್ತೈದನೇ ವರ್ಷಕ್ಕೆ ರಾಜಧಾನಿ ಸುವಾದಿಂದ ಕಲ್ಲು ಬಂತು. ಆಳೆತ್ತರದ ಕಪ್ಪು ಕಲ್ಲು, ಮೇಲೆ 'ಒಬ್ಬನೇ ನಿಂತವನು' ಎಂಬ ಕೆತ್ತನೆ. ಅನಾವರಣಕ್ಕೆ ಮಂತ್ರಿ ಬರುವವರಿದ್ದರು. ಅದಕ್ಕೆ ಎರಡು ದಿನ ಮುಂಚೆ ನಾನು ದಡದಲ್ಲಿ ಬಲೆ ಹೊಲಿಯುತ್ತಿದ್ದಾಗ ಇಲಿಸೋನಿ ಕುಂಟುತ್ತ ಬಂದ.

"ಏನಪ್ಪಾ ಕುಂಟ ಹೋರಿ, ದಾರಿ ತಪ್ತಾ?" ಅಂದೆ.

ಅವನು ನಗಲಿಲ್ಲ. ಮರಳಿನ ಮೇಲೆ ಕೂತ.

"ಅಪಿಸಾಯ್, ಆ ಕಲ್ಲು ಸುಳ್ಳು ಹೇಳುತ್ತೆ."

"ಹುಲಿ ವಿಷಯಾನಾ? ಅದು ನಂಗೆ ಮೊದ್ಲೇ ಗೊತ್ತು."

"ಹುಲಿ ಅಲ್ಲ ಮಾರಾಯ. ಲೆಫ್ಟಿನೆಂಟನ್ನ ಹೊತ್ತಿದ್ದು ನಾನಲ್ಲ, ಎಮೋಸಿ. ನಂಗೆ ಕಾಲಿಗೆ ಗುಂಡು ಬಿದ್ದಿತ್ತು, ಮರದ ಬೇರಿನ ಕೆಳಗೆ ಕೆಸರಲ್ಲಿ ಮುಖ ಮುಚ್ಕೊಂಡು ಅಳ್ತಾ ಇದ್ದೆ. ಎಮೋಸಿ ಅವನನ್ನ ದಾಟಿಸಿ ಬಂದು, ಆಮೇಲೆ ನನ್ನೂ ದಾಟಿಸ್ದ. ಮತ್ತೆ ಆ ಕಡೆ ಹೋದ, ಬರ್ಲಿಲ್ಲ. ಲೆಫ್ಟಿನೆಂಟ್‌ಗೆ ಎಚ್ಚರ ಆದಾಗ ಪಕ್ಕದಲ್ಲಿದ್ದೋನು ನಾನು. ಅವನು ನನ್ನ ಹೆಸರು ಬರ್ದ."

ನನ್ನ ಕೈಯ ಸೂಜಿ ನಿಂತಿತು. "ಇಪ್ಪತ್ತೈದು ವರ್ಷ ಬಾಯಲ್ಲಿ ಕೆಸು ಇಟ್ಕೊಂಡಿದ್ಯಾ?"

"ಆಸ್ಪತ್ರೇಲಿ ಜ್ವರ. ಏಳೋ ಹೊತ್ತಿಗೆ ಪದಕ ಎದೆ ಮೇಲಿತ್ತು. ಮೊದಲ ವರ್ಷ ನಾಚಿಕೆ ಆಯ್ತು. ಆಮೇಲೆ ಅಭ್ಯಾಸ ಆಯ್ತು."

"ಮೆರೆಯೋನಿ ಮನೆ ನಿಮ್ಮನೆಯಿಂದ ಕೂಗಳತೆ. ಹೋಗಿ ಹೇಳೋಕೇನಾಗಿತ್ತು?"

"ಎಷ್ಟೋ ಸಲ ಹೊರಟೆ. ಅವಳ ಅಂಗಳದ ತನಕ ಹೋಗ್ತೀನಿ, ಅಲ್ಲಿಂದ ಮುಂದಕ್ಕೆ ಕಾಲು ಬರಲ್ಲ."

ಸಭೆಯಲ್ಲಿ ಅವನು ಮಾತಾಡುವಂತಿಲ್ಲ, ತೊಮಾಸಿ ಹೇಳುವುದಿಲ್ಲ, ತೌವುವಿನ ಬಾಯಿಯನ್ನು ಯಾರೂ ಮುಚ್ಚಿಸುವಂತಿಲ್ಲ. ಎಮೋಸಿಯ ಹೆಸರು ಆ ಕಲ್ಲಿನ ಮೇಲೆ ಬರಬೇಕು, ಮಂತ್ರಿಯ ಎದುರಿಗೇ ನಾನು ನಿಜ ಹೇಳಬೇಕು: ಇದು ಅವನ ಲೆಕ್ಕಾಚಾರ. ನನಗೂ ಅದು ಬುದ್ಧಿವಂತಿಕೆ ಅಂತಲೇ ಕಂಡಿತು. ನಮ್ಮಿಬ್ಬರ ದಡ್ಡತನಕ್ಕೆ ಒಂದು ಪದಕ ಕೊಡಬಹುದಿತ್ತು.

ಸಮಾರಂಭದ ದಿನ ಬೆಳಿಗ್ಗೆಯೇ ನೆಲದೊಲೆಯಲ್ಲಿ ಹಂದಿ, ಕೆಸುವಿನ ಗೆಡ್ಡೆ ಬೇಯಲು ಇಟ್ಟಾಗಿತ್ತು. ಮಂತ್ರಿ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಕಾಣಿಕೆಯಾದ ತಿಮಿಂಗಿಲದ ಹಲ್ಲೊಂದನ್ನು ತಂದು ಇಲಿಸೋನಿಗೆ ಗೌರವದಿಂದ ಒಪ್ಪಿಸಿದರು. ತೊಮಾಸಿ ಎದ್ದ. ಆ ವರ್ಷ ವೈರಿಗಳು ಎಂಬತ್ತು, ಹುಲಿಗೆ ಮರಿಗಳೂ ಆಗಿದ್ದವು. "ಜೊತೆಗಾರ ಓಡಿದ" ಎನ್ನುವಲ್ಲಿಗೆ ಬಂದಾಗ ಹೆಂಗಸರ ಸಾಲಿನ ಕೊನೆಯಿಂದ ಮೆರೆಯೋನಿ ಎದ್ದು ತನ್ನ ಮನೆಯ ಕಡೆ ನಡೆದಳು. ಪ್ರತಿ ವರ್ಷವೂ ಅವಳು ಆ ಮಾತಿಗೇ ಏಳುತ್ತಿದ್ದಳು.

ನಾನು ನಿಂತೆ.

"ಮಂತ್ರಿಗಳೇ, ಈ ತೊಮಾಸಿ ಬಾಯಿ ತೆಗೆದ್ರೆ ಏಡಿ ಕೂಡ ತಿಮಿಂಗಿಲ ಆಗುತ್ತೆ. ನಿಮ್ಮ ವೀರ ಇದಾನಲ್ಲ, ಅವನು ಅವತ್ತು ಬೇರಿನ ಕೆಳಗೆ ಅಳ್ತಾ ಕೂತಿದ್ದ."

ಸಭೆ ಗೊಳ್ಳೆಂದಿತು.

"ಲೆಫ್ಟಿನೆಂಟನ್ನ ಹೊತ್ತೋನು ಎಮೋಸಿ. ಇವನನ್ನ ಹೊತ್ತೋನೂ ಎಮೋಸಿ. ಹಂದಿ ಮರಿ ಥರಾ ಹೆಗಲ ಮೇಲೆ ಹಾಕ್ಕೊಂಡು."

ಮಂತ್ರಿ ಕಣ್ಣೊರೆಸಿಕೊಳ್ಳುತ್ತಿದ್ದರು. ದೊರೆ ನೆಲ ಬಡಿದು ನಗುತ್ತಿದ್ದ. ನಾನು ಗಂಭೀರವಾದಷ್ಟೂ ನಗು ಜಾಸ್ತಿಯಾಯಿತು. "ನಿಜ ಹೇಳ್ತಾ ಇದೀನ್ರೋ, ಕೇಳ್ರೋ" ಅಂದೆ. ಒಬ್ಬ ಮುದುಕ ನಕ್ಕು ನಕ್ಕು ಪಕ್ಕಕ್ಕೆ ಉರುಳಿದ. ಮೂವತ್ತು ವರ್ಷ ತಮಾಷೆ ಮಾಡಿ ಗಳಿಸಿದ ಹೆಸರು ಒಂದು ನಿಜದ ಮಾತಿಗೆ ಅಡ್ಡ ನಿಂತಿತ್ತು. ನನಗೆ ಸಿಟ್ಟು ಬಂತು. ಸಿಟ್ಟು ಬಂದ ತೌವು ಸೋತ ಹಾಗೆ, ಅದಕ್ಕೂ ನಕ್ಕರು.

ಆಗ ಇಲಿಸೋನಿ ಎದ್ದ. ಅವನು ಸಭೆಯಲ್ಲಿ ಬಾಯಿ ತೆಗೆದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ನಗು ಪಟ್ಟನೆ ನಿಂತಿತು.

"ಅವನು ಹೇಳಿದ್ದು ನಿಜ," ಅಂದ.

ಆದರೆ ತೊಮಾಸಿ ಮೂರು ತಲೆಮಾರಿನ ಮಾತುಗಾರ, ಅವನ ನಾಲಿಗೆ ನೆಲಕ್ಕೆ ಬೀಳುವುದಿಲ್ಲ.

"ನೋಡಿದ್ರಾ ಮಹಾಸ್ವಾಮಿ," ಅಂತ ಮಂತ್ರಿಯ ಕಡೆ ತಿರುಗಿದ. "ತಾನು ಪಡೆದ ಕೀರ್ತೀನ ಓಡಿಹೋದ ಗೆಳೆಯನಿಗೂ ಹಂಚೋ ಮನಸ್ಸು. ಇಂಥಾ ವಿನಯ ಎಲ್ಲಿ ಸಿಗುತ್ತೆ?"

ಜನ ಚಪ್ಪಾಳೆ ತಟ್ಟಿದರು. ಕೆಲವರು ಅತ್ತರು. ಮಂತ್ರಿ ಕಲ್ಲಿನ ಮೇಲಿನ ಬಟ್ಟೆ ಎಳೆದರು, ಮತ್ತು 'ವಿನಯವಂತ' ಎಂಬ ಪದವನ್ನೂ ಕೆಳಗೆ ಕೆತ್ತಿಸಿ ಎಂದು ಅಪ್ಪಣೆ ಕೊಟ್ಟರು. ಹೊಗಳಿ ಹೊನ್ನಶೂಲಕ್ಕೇರಿಸುವುದು ಅಂದರೇನೆಂದು ನಾನು ಅವತ್ತು ಕಣ್ಣಾರೆ ಕಂಡೆ.

ಇಲಿಸೋನಿ ಕಲ್ಲನ್ನು ನೋಡಲಿಲ್ಲ. ಮಂತ್ರಿ ಕೊಟ್ಟಿದ್ದ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಸಭೆಯ ನಡುವಿನಿಂದಲೇ ಮೆರೆಯೋನಿಯ ಮನೆಯ ಕಡೆ ಕುಂಟಿಕೊಂಡು ಹೊರಟ. ಇದೂ ಒಂದು ಆಟವೆಂದುಕೊಂಡು ಜನ ನಗುತ್ತ ಹಿಂದೆ ಬಂದರು. ಅವನು ಅವಳ ಹೊಸ್ತಿಲ ಹೊರಗೆ ಮಣ್ಣಿನಲ್ಲಿ ಕೂತು, ತಲೆ ತಗ್ಗಿಸಿ, ಹಲ್ಲನ್ನು ಮುಂದೆ ಚಾಚಿದ. ನಗು ಅಡಗಿತು. ಹಲ್ಲು ಹಿಡಿದು ಕ್ಷಮೆ ಕೇಳುವುದನ್ನು ನಮ್ಮಲ್ಲಿ ತಮಾಷೆಗೆ ಯಾರೂ ಮಾಡುವುದಿಲ್ಲ, ತೌವು ಕೂಡ ಮಾಡುವುದಿಲ್ಲ. ಕೊಲೆ ಮಾಡಿದವನು ಹಾಗೆ ಕೂರುತ್ತಾನೆ. ದೊರೆಯ ತಮ್ಮ ಹಾಗೆ ಕೂತದ್ದನ್ನು ಆ ಊರು ಕಂಡಿರಲಿಲ್ಲ.

ತೊಮಾಸಿ ಏದುಸಿರು ಬಿಡುತ್ತ ಬಂದ. "ರಾತು, ಏಳಿ. ಏನಿದ್ರೂ ನಿಮ್ಮ ಪರವಾಗಿ ನಾನು ಮಾತಾಡ್ತೀನಿ."

"ತೊಮಾಸಿ, ಬಾಯಿ ಮುಚ್ಕೊ."

ಮೆರೆಯೋನಿ ಹೊರಗೆ ಬಂದಳು. ಹೆಣೆಯುತ್ತಿದ್ದ ಒಣ ಗರಿಯ ಸೀಳೊಂದು ಕೈಯಲ್ಲೇ ಇತ್ತು.

"ಯಾವ ತಪ್ಪಿಗೆ?" ಅಂತ ಕೇಳಿದಳು.

ಇಲಿಸೋನಿ ಎಲ್ಲವನ್ನೂ ಹೇಳಿದ. ಬೇರು, ಕೆಸರು, ಅಳು, ಹೊಳೆ. ವೈರಿಗಳು ಆರೋ ಏಳೋ ಇದ್ದರು ಅಂದ. ಊರೆಲ್ಲ ನಿಂತು ಕೇಳಿತು, ಈ ಸಲ ಯಾರೂ ನಗಲಿಲ್ಲ.

"ಲೆಫ್ಟಿನೆಂಟನ್ನ ದಾಟಿಸ್ದ, ನಿಮ್ಮನ್ನೂ ದಾಟಿಸ್ದ," ಅಂದಳು ಮೆರೆಯೋನಿ. "ಮತ್ತೆ ಯಾಕೆ ಆ ಕಡೆ ಹೋದ?"

"ಅವನ ಮೆಷಿನ್ ಗನ್ ಅಲ್ಲೇ ಉಳಿದಿತ್ತು. ಬೇಡ ಅಂದೆ. ಬಿಟ್ಟು ಬಂದ್ರೆ ಸಾರ್ಜೆಂಟ್ ಬೈತಾನೆ ಅಂದ."

ಅವಳ ಮುಖದಲ್ಲಿ ಏನೋ ಸಡಿಲವಾಯಿತು, ನಗು ಬಂದ ಹಾಗೆ. "ಹೌದು, ಅವನೇ. ತೋಟದಲ್ಲಿ ಕತ್ತಿ ಮರೆತು ಬಂದ್ರೆ ನಾನು ಬೈತೀನಿ ಅಂತ ಮಳೇಲೂ ವಾಪಸ್ ಹೋಗೋನು." ಕೈಯ ಗರಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು: "ಅವನು ಬಿದ್ದಿದ್ದು ನೀವು ನೋಡಿದ್ರಾ?"

"ನೋಡ್ದೆ. ಹೊಳೆ ನಡುವೆ. ಗನ್ ತಲೆ ಮೇಲೆ ಹೊತ್ಕೊಂಡಿದ್ದ."

ಮೆರೆಯೋನಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಸಿಂಗಪುರದಲ್ಲಿದಾನೆ ಅಂದ್ಕೊಂಡಿದ್ದೆ," ಅಂದಳು. "ಆ ಮಲಯದೋಳು ಅವನಿಗೆ ಹೊತ್ತಿಗೆ ಸರಿಯಾಗಿ ಅನ್ನ ಹಾಕ್ತಾಳೋ ಇಲ್ವೋ ಅಂತ ಯೋಚ್ನೆ ಮಾಡ್ತಿದ್ದೆ. ಊರೆಲ್ಲ ಹೇಡಿ ಅಂತ ಬೈದಾಗ, ಬೈಕೊಳ್ಳಲಿ ಬಿಡು ಅಂತಿದ್ದೆ. ಹೇಡಿ ಆದ್ರೆ ಬದುಕಿರ್ತಾನಲ್ಲ."

ಯಾರಿಗೂ ತಲೆ ಎತ್ತಲಾಗಲಿಲ್ಲ. ಎಮೋಸಿಯ ಹೆಸರನ್ನು ಅವಳಿಗೆ ವಾಪಸ್ಸು ಕೊಡುತ್ತೇವೆಂದು ನಾವಿಬ್ಬರು ಗಂಡಸರು ದಡದಲ್ಲಿ ಕೂತು ಲೆಕ್ಕ ಹಾಕಿದ್ದೆವು. ಅವಳಲ್ಲಿ ಏನಿತ್ತೆಂದು ಒಬ್ಬನಾದರೂ ಯೋಚಿಸಿರಲಿಲ್ಲ, ಅದಕ್ಕೆ ಈಗಲೂ ನನಗೆ ನನ್ನ ಮೇಲೆ ಅಸಹ್ಯ.

ಇಲಿಸೋನಿ ಚಾಚಿದ ಕೈ ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಮೆರೆಯೋನಿ ಕೈ ನೀಡಿ ಆ ಹಲ್ಲನ್ನು ತೆಗೆದುಕೊಂಡಳು, ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಗುಂಪಿನಲ್ಲಿದ್ದ ನನ್ನ ಹೆಂಡತಿಯ ಕಡೆ ನೋಡಿ, "ನಿಮ್ಮನೇಲಿ ಕಪ್ಪು ಬಟ್ಟೆ ಇದ್ಯೇನಮ್ಮಾ?" ಅಂತ ಕೇಳಿದಳು.

ನನ್ನ ಹೆಂಡತಿ ಮನೆಗೆ ಹೋಗಿ ತಂದುಕೊಟ್ಟಳು.