ಮಾಸ್ತರರ ಕಿಸೆ

“ಕತ್ತರಿ ತಗೊಂಡು ಬಾರವ್ವ, ಅಂಗಿ ಬಿಚ್ಚಲಿಕ್ಕೆ ಬರವಲ್ದು!” ಭಾಗಣ್ಣ ಒಳಗಿನಿಂದ ಕೂಗಿದ.

ಭಾಗ್ಯಜ್ಯೋತಿ ಅವ್ವನ ಹೊಲಿಗೆ ಡಬ್ಬಿಯಿಂದ ಕತ್ತರಿ ತಂದುಕೊಟ್ಟಳು. ತೀರಿಕೊಂಡ ಅಪ್ಪನನ್ನು ಬೆಳಿಗ್ಗೆಯೇ ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸಿದ್ದರು. ಸಮಾಧಿಗೂ ಹಾಗೆಯೇ ಕೂತು ಹೋಗಬೇಕು. ಈಗ ಜಳಕ ಮಾಡಿಸಬೇಕೆಂದರೆ ಕೈ ಸೆಟೆದುಕೊಂಡು ತೋಳು ಹೊರಬರುತ್ತಿರಲಿಲ್ಲ. ಬ್ಯಾಂಡಿನಲ್ಲಿ ಜೀವಮಾನವಿಡೀ ಅಪ್ಪನ ಪಕ್ಕ ನಿಂತು ಡೋಲು ಬಾರಿಸಿದ ಭಾಗಣ್ಣ ಬೆನ್ನ ಕಡೆಯಿಂದ ಅಂಗಿ ಸೀಳಿ, ಎರಡು ತುಂಡು ಮಾಡಿ, ಅವಳ ಕೈಗಿತ್ತ.

ಒಂದು ತುಂಡು ಭಾರವಾಗಿತ್ತು. ಕಿಸೆಯೊಳಗೆ ಏನಿದೆಯೆಂದು ಅವಳು ನೋಡಬೇಕಾಗಿರಲಿಲ್ಲ. ಸ್ಯಾಕ್ಸೋಫೋನಿನ ಮೌತ್‌ಪೀಸು. ಹಲ್ಲಲ್ಲಿ ಕಚ್ಚಿ ಊದುವ ಕರಿಯ ತುಂಡು, ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು. ಅದಿಲ್ಲದಿದ್ದರೆ ಅಷ್ಟು ದೊಡ್ಡ ವಾದ್ಯ ಬರೀ ಹಿತ್ತಾಳೆ. ಅಡುಗೆಮನೆಗೆ ಹೋಗಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾಕೆಂದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಹೊರಗೆ ಪರಸಿ ಕಲ್ಲು ಹಾಸಿದ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಅಪ್ಪ ಕಾಶೀನಾಥ ಮಾಸ್ತರ ಎಂದರೆ ವಾಡಿ ಊರಿಗಷ್ಟೇ ಅಲ್ಲ, ಅತ್ತ ಶಹಾಬಾದ, ಇತ್ತ ಸೇಡಂ, ಚಿಂಚೋಳಿಯವರೆಗೂ ಗೊತ್ತು. ಮದುವೆಗೆ ಸಿನಿಮಾ ಹಾಡು, ಭಜನೆಗೆ ವಚನ, ಉರುಸಿಗೆ ಕವ್ವಾಲಿ, ಯಾವುದಕ್ಕೂ ಸೈ. ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಕ್ರಿಸ್‌ಮಸ್ ಕುಣಿತ ನಡೆಯುತ್ತಿದ್ದ ಕಾಲಕ್ಕೆ ಜಾಝ್ ಕೂಡ ಊದಿದವರು. ಗೂಡ್ಸ್ ಗಾಡಿಯ ಗಾರ್ಡನೊಬ್ಬ ಕಲಿಸಿಕೊಟ್ಟ ಒಂದು ಧಾಟಿಗೆ ‘ಗಾರ್ಡ್ ಸಾಹೇಬನ ಹಾಡು’ ಎಂದು ಹೆಸರಿಟ್ಟು, ಅದನ್ನು ಕೊನೆಯವರೆಗೂ ಬಿಟ್ಟಿರಲಿಲ್ಲ.

“ನನ್ನ ಗಂಡ ಖಣಿಯಾಗ ಸತ್ತಾಗ ಹೆಣ ಎತ್ತಲಿಕ್ಕೆ ನಾಕು ಮಂದಿ ಇದ್ದಿದ್ದಿಲ್ಲ,” ಪಕ್ಕದ ಓಣಿಯ ಬಸ್ಸಮ್ಮ ಮೂಗೊರೆಸಿಕೊಂಡಳು. “ಮಾಸ್ತರು ಕರೀಲಾರದೇ ಬಂದ್ರು. ಅವಗ ಸೇರತಿದ್ದ ಹಾಡು ಯಾವ್ದಂತ ಕೇಳಿ, ಕುಣಿ ಮುಂದ ನಿಂತು ಊದಿದ್ರು. ದೇವರಂಥಾ ಮನಷ್ಯಾ.”

“ಇಲ್ಲ ಅನ್ನೋ ಮಾತೇ ಅವರ ಬಾಯಾಗ ಇದ್ದಿದ್ದಿಲ್ಲ ಬಿಡ್ರಿ,” ಎಂದ ಇನ್ನೊಬ್ಬ.

ಭಾಗ್ಯಜ್ಯೋತಿಗೆ ನಗು ಬಂತು. ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದು ಬಸ್ಸಮ್ಮ ಬೆನ್ನು ಸವರಿದಳು.

ಅಷ್ಟರಲ್ಲಿ ಮತೀನ ಬಂದ. ಮಾಸ್ತರರ ಒಬ್ಬನೇ ಶಿಷ್ಯ. ಅವರಿಗೆ ದಮ್ಮು ಹತ್ತಿದ ಮೇಲೆ ಬ್ಯಾಂಡು ನಡೆಸಿದವನೂ ಅವನೇ. ಗಡ್ಡ ಅರ್ಧ ಬೆಳ್ಳಗಾಗಿತ್ತು. ಚೆಂಡುಹೂವಿನ ಮಾಲೆ ಹಾಕಿದ ಸ್ಯಾಕ್ಸೋಫೋನನ್ನು ಎದೆಗವಚಿಕೊಂಡಿದ್ದ.

“ಕಾಕಾ, ಮೌತ್‌ಪೀಸು ಪೆಟ್ಟಿಗ್ಯಾಗ ಇಲ್ರಿ.”

“ಪೆಟ್ಟಿಗ್ಯಾಗ ಎಲ್ಲಿರತದೋ? ಕಿಸ್ಯಾಗ ಇಟ್ಕೊಂಡೇ ಮಲಗತಿದ್ರಲ್ಲ. ನಿನಗೂ ಊದೋ ಹೊತ್ತಿಗಷ್ಟೇ ಕೊಟ್ಟು ವಾಪಸ್ ಇಸ್ಕೋತಿದ್ರು.” ಭಾಗಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ. “ಎಷ್ಟು ಪ್ರೀತಿ ನೋಡ್ರಿ! ಎದಿ ಮ್ಯಾಲಿಂದ ಇಳಿಸಲಿಲ್ಲ.” ಆಮೇಲೆ ಅವಳ ಕಡೆ ತಿರುಗಿದ. “ಅಂಗಿ ನಿನಗ ಕೊಟ್ಟಿದ್ನಲ್ಲವ್ವ, ಕಿಸೆ ನೋಡಿದ್ಯಾ?”

“ನೋಡಿದ್ನಿ ಕಾಕಾ. ಏನೂ ಇದ್ದಿದ್ದಿಲ್ಲ.”

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಮಂದಿ ಹಾಸಿಗೆ ಕೊಡವಿದರು, ಮಂಚದ ಕೆಳಗೆ ಬ್ಯಾಟರಿ ಹಾಕಿ ನೋಡಿದರು. ಮಣ್ಣು ಕೊಡುವ ಮುಂಚೆ ಮತೀನ ಗಾರ್ಡ್ ಸಾಹೇಬನ ಹಾಡು ಊದಬೇಕು. ಮಾಸ್ತರರು ಕೇಳಿಕೊಂಡದ್ದು ಅದೊಂದೇ. ಕಲಬುರಗಿಯಿಂದ ಬೇರೆ ತರಿಸಲು ಹೊತ್ತಿರಲಿಲ್ಲ.

*

ಅವಳು ಏಳನೆಯ ಇಯತ್ತೆ ಮುಗಿಸಿದ ವರ್ಷ ಅದು. ಅಪ್ಪ ಪಡಸಾಲೆಯಲ್ಲಿ ಮತೀನನಿಗೆ ಕಲಿಸುತ್ತಿದ್ದರು. ಪಂಕ್ಚರ್ ಅಂಗಡಿಯವನ ಮಗನಿಗೆ ಮನೆಯಲ್ಲೇ ಊಟ ಹಾಕಿ ಕಲಿಸುತ್ತಾರೆಂದು ಊರೆಲ್ಲ ಹೊಗಳುತ್ತಿತ್ತು. ಭಾಗ್ಯಜ್ಯೋತಿ ಬಾಗಿಲ ಹಿಂದೆ ಪಿಟ್ಟೆನ್ನದೆ ಕೂತು ಕೇಳುತ್ತಿದ್ದಳು. ಅವರು ಎದ್ದು ಹೋದ ಮೇಲೆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಸಪ್ಪಳವಾದೀತೆಂದು ಮೌತ್‌ಪೀಸು ಹಾಕದೆ, ಬರೀ ಅದರ ಮೈಮೇಲಿನ ಕೀಲಿ ಒತ್ತುತ್ತಿದ್ದಳು. ಟಪ್, ಟಪಟಪ್. ಆ ಟಪಟಪದಲ್ಲೇ ಅವಳಿಗೆ ಇಡೀ ಹಾಡು ಕೇಳುತ್ತಿತ್ತು.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಮೌತ್‌ಪೀಸು ಹಾಕಿಯೇ ಬಿಟ್ಟಳು. ಗಾರ್ಡ್ ಸಾಹೇಬನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಊದಿದಳು. ನಡುವೆ ಒಂದು ತಿರುವಿನಲ್ಲಿ, ಅಪ್ಪ ಸೀದಾ ಇಳಿಯುವ ಕಡೆ, ಅವಳು ಮತ್ತೊಮ್ಮೆ ಮೇಲೆ ಹೋಗಿ ಸುತ್ತಿಕೊಂಡು ಬಂದಳು. ಅದು ತಪ್ಪೋ ಸರಿಯೋ ತಿಳಿಯದು, ಹಾಗೆ ಮಾಡಬೇಕೆನಿಸಿತ್ತು. ಉಸಿರು ಬಿಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ಅಪ್ಪ, ಪಕ್ಕದಲ್ಲಿ ಮತೀನ.

“ಉಸ್ತಾದ, ಅಕ್ಕ ನನಗಿಂತ ಛಲೋ ಊದತಾಳ್ರಿ!”

ಅಪ್ಪ ಬೈಯಲಿಲ್ಲ. ಬೈಯುವ ಮನುಷ್ಯನೇ ಅಲ್ಲ. ನಗುನಗುತ್ತಲೇ ಬಂದು ಮೌತ್‌ಪೀಸು ಕಿತ್ತುಕೊಂಡು, ಅವಳ ಎಂಜಲನ್ನು ಅಂಗಿಯ ಅಂಚಿಗೆ ಒರೆಸಿ, ಕಿಸೆಗೆ ಹಾಕಿಕೊಂಡರು.

“ತುಟಿ ದಪ್ಪ ಆಗತಾವವ್ವ. ಆಮ್ಯಾಲ ಯಾರು ಮಾಡ್ಕೋತಾರ ನಿನ್ನ?” ಎಂದು ತಲೆ ಸವರಿದರು. ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವ ತಲೆಯೆತ್ತಲಿಲ್ಲ. ಮರುದಿನ ಚಿತ್ತಾಪುರದಿಂದ ಅವಳಿಗೆ ಹಸಿರು ಬಳೆ ಬಂದವು. ಮೌತ್‌ಪೀಸು ಅಂದಿನಿಂದ ಕಿಸೆ ಬಿಟ್ಟು ಇಳಿಯಲಿಲ್ಲ. ಅವಳು ಮದುವೆಯಾಗಿ ಸೇಡಂಗೆ ಹೋದ ಮೇಲೂ ಅಪ್ಪನಿಗೆ ಆ ರೂಢಿ ತಪ್ಪಲಿಲ್ಲ.

*

“ಸಿಕ್ಕರ ನಾ ಊದಲೇನು ಕಾಕಾ?”

ಹುಡುಕುತ್ತಿದ್ದವರು ತಿರುಗಿ ನೋಡಿದರು. ಭಾಗ್ಯಜ್ಯೋತಿಯ ಕೈ ಸೆರಗಿನ ಗಂಟಿನ ಮೇಲಿತ್ತು. ಹೂಂ ಅಂದರೆ ಸಾಕು, ಈಗಲೇ ಬಿಚ್ಚಿಕೊಡುತ್ತಿದ್ದಳು. ಒಂದೇ ಒಂದು ಸಲ, ಅಪ್ಪನ ಎದುರಿಗೆ, ಎಲ್ಲರೂ ಕೇಳುವಂತೆ ಊದಬೇಕಿತ್ತು.

“ದುಃಖದಾಗ ಏನರ ಅನಬ್ಯಾಡ ತಂಗಿ,” ಭಾಗಣ್ಣ ಮೆತ್ತಗೆ ಹೇಳಿದ. “ಹೆಣ್ಮಗಳು ತಂದಿ ಹೆಣದ ಮುಂದ ಬಾಜಾ ಊದತಾಳೇನು? ಮತ್ತ ನಿನಗೆಲ್ಲಿ ಬರತದ?”

“ಬರತದೋ ಇಲ್ಲೋ ಮತೀನಗ ಕೇಳ್ರಿ.”

ಎಲ್ಲರೂ ಮತೀನನ ಕಡೆ ನೋಡಿದರು. ಅವನು ಸ್ಯಾಕ್ಸೋಫೋನಿನ ಮೇಲಿನ ಮಾಲೆ ಸರಿಮಾಡಿದ, ಸರಿಯಾಗಿದ್ದದ್ದನ್ನೇ ಮತ್ತೊಮ್ಮೆ ಸರಿಮಾಡಿದ.

“ಭಾಳ ದಿನದ ಮಾತು ಕಾಕಾ. ನನಗ ನೆನಪಿಲ್ಲ.”

ಅವಳು ಒಳಗೆ ಹೋದಳು. ಅವ್ವ ಅನಸುಬಾಯಿ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

“ನಡಾದಾಗ ಏನು ಕಟ್ಟೀದಿ ನನಗ ಗೊತ್ತದ. ಕೊಟ್ಟುಬಿಡು ಭಾಗೀ. ಅವರದು ಕಡೀ ಆಶಾ.”

“ನಂದು ಮೊದಲನೇ ಆಶಾ ಇತ್ತು ಯವ್ವಾ. ಅವತ್ತು ನೀ ಏನಂದಿ?”

ಅನಸುಬಾಯಿ ಗೋಡೆ ಹಿಡಿದು ಕೆಳಗೆ ಕೂತುಬಿಟ್ಟಳು. ಭಾಗ್ಯಜ್ಯೋತಿಗೆ ಅವಳ ಮೇಲೆ ಕರುಣೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಬೇಸರವೂ ಆಗಲಿಲ್ಲ.

ಡೋಲು, ಟ್ರಂಪೆಟ್ಟುಗಳ ಮುಂದೆ ಮತೀನ ಬಾಯಿಲ್ಲದ ಸ್ಯಾಕ್ಸೋಫೋನನ್ನು ಕೊರಳಿಗೆ ಹಾಕಿಕೊಂಡು ನಡೆದ. ಹಳೆಯ ಕಲ್ಲುಖಣಿಯ ಆಚೆ ಕುಣಿ ತೆಗೆದಿದ್ದರು. ಒಳಗೆ ಕೊರೆದ ಗೂಡಿನಲ್ಲಿ ಅಪ್ಪನನ್ನು ಕೂರಿಸಿದರು. ಅಯ್ಯನವರು ಬಿಲ್ವಪತ್ರೆ, ವಿಭೂತಿ ಏರಿಸಿ ಉಪ್ಪಿನ ಚೀಲ ಬಿಚ್ಚಿಸಿದರು.

“ಕಡೀ ಹೊತ್ತಿಗೆ ಅವರ ಹಾಡೇ ಇಲ್ಲದಂಗಾಯ್ತಲ್ಲೋ,” ಎಂದು ಭಾಗಣ್ಣ ಕೂಸಿನಂತೆ ಅತ್ತ.

ಸರದಿ ಬಂದಾಗ ಭಾಗ್ಯಜ್ಯೋತಿ ಸೆರಗಿನ ಗಂಟು ಬಿಚ್ಚಿ, ಎರಡೂ ಕೈ ಉಪ್ಪಿನ ಚೀಲಕ್ಕೆ ಹಾಕಿದಳು. ಬೊಗಸೆ ತುಂಬ ಉಪ್ಪನ್ನು ಅಪ್ಪನ ಮಡಿಲಿಗೆ ಸುರಿದಳು. ಬಿಳಿಯ ನಡುವೆ ಕರಿಯ ತುಂಡೊಂದು ಕಂಡು, ಹಿಂದೆಯೇ ಬಂದ ಬಸ್ಸಮ್ಮನ ಬೊಗಸೆಯ ಉಪ್ಪಿನಡಿ ಮುಚ್ಚಿಹೋಯಿತು. ಇಟ್ಟುಕೋ, ನೀನೇ ಇಟ್ಟುಕೋ ಎಂದು ಮನಸ್ಸಿನಲ್ಲೇ ಹೇಳಿದಳು. ಬಹಳ ವರ್ಷಗಳ ಮೇಲೆ ಎದೆ ಹಗುರವಾದಂತೆನಿಸಿತು.

ಮಣ್ಣು ಮುಚ್ಚಿ ಜನ ಕೈಕಾಲು ತೊಳೆಯಲು ನಳದ ಕಡೆ ಹೊರಟರು. ಬೇವಿನ ಮರದಡಿ ಪರಸಿ ಕಲ್ಲಿನ ಮೇಲೆ ಮತೀನ ಒಬ್ಬನೇ ಕೂತಿದ್ದ. ವಾದ್ಯ ಮಡಿಲಲ್ಲಿತ್ತು, ಬೆರಳು ಆಡುತ್ತಿದ್ದವು. ಧೂಳು ಒರೆಸುತ್ತಿದ್ದಾನೆಂದು ತಿಳಿದು ಮಂದಿ ದಾಟಿ ಹೋದರು.

ಟಪ್, ಟಪಟಪ್.

ಭಾಗ್ಯಜ್ಯೋತಿಯ ಕಾಲು ನಿಂತವು. ಗಾರ್ಡ್ ಸಾಹೇಬನ ಹಾಡು. ಅಷ್ಟು ಮಂದಿಯಲ್ಲಿ ಅದು ಕೇಳಿಸಿದ್ದು ಅವಳೊಬ್ಬಳಿಗೇ. ನಡುವಿನ ತಿರುವು ಬಂತು. ಮತೀನನ ಬೆರಳು ಅಪ್ಪನಂತೆ ಸೀದಾ ಇಳಿಯಲಿಲ್ಲ. ಮತ್ತೊಮ್ಮೆ ಮೇಲೆ ಹೋಗಿ, ಅವಳು ಅಂದು ಸುತ್ತಿಕೊಂಡು ಬಂದ ದಾರಿಯಲ್ಲೇ, ಒಂದು ಕೀಲಿಯೂ ತಪ್ಪದೆ ಸುತ್ತಿಕೊಂಡು ಬಂದವು.

ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸೆರಗಿನ ತುದಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಅದರ ಸುಕ್ಕಿನಲ್ಲಿ ನಾಲ್ಕಾರು ಹರಳು ಉಪ್ಪು ಅಂಟಿಕೊಂಡಿದ್ದವು.