ಹತ್ತು ಕಿಲೋ ಬಾಹ್ಯ ಬೆಂಬಲ

ಒಮಾನಿನ ಸಲಾಲಾದ ಆ ಶಿಪ್ಪಿಂಗ್ ಏಜೆನ್ಸಿಯಲ್ಲಿ ರಂಜಾನ್ ತಿಂಗಳು ಬಂತೆಂದರೆ ಚಹಾ ಬೇಕಾದವರು ಪ್ಯಾಂಟ್ರಿಯ ಬಾಗಿಲು ಹಾಕಿಕೊಂಡೇ ಕುಡಿಯಬೇಕು; ಉಪವಾಸದವರ ಎದುರು ಲೋಟ ಎತ್ತುವ ಹಾಗಿಲ್ಲ. 2017ರಲ್ಲಿ ಹಾಗೆ ಒಳಗೆ ಸೇರುತ್ತಿದ್ದವರು ಮೂರೇ ಜನ: ಮ್ಯಾನೇಜರ್ ಬ್ರಾಯನ್, ಬಿಲ್ಲಿಂಗಿನ ಬೀಟ್ರಿಸ್ ಮತ್ತು ಅದೇ ಬಿಲ್ಲಿಂಗಿನ ಗುರುವ. ಬೀಟ್ರಿಸ್ ಮಂಗಳೂರಿನವಳು, ಗುರುವ ಮೂಲ್ಕಿಯವನು. ಬ್ರಾಯನ್ ಬ್ರಿಟನ್ನಿನವನು. ಅಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡದ್ದೇ ಗುರುವ ಮಾಡಿದ ಮೊದಲ ತಪ್ಪು.

ಅವನಿಗೆ ಜುಲೈ ಮೊದಲ ವಾರ ರಜೆ ಬೇಕಿತ್ತು. ಮಗಳು ಪ್ರಣೀತಾಳ ಸೀಮಂತ. ಜುಲೈ ನಡುವಿಗೆ ಆಟಿ ತಿಂಗಳು ಹುಟ್ಟಿದರೆ ಊರಲ್ಲಿ ಶುಭಕಾರ್ಯ ಇಲ್ಲ, ಆಟಿ ಕಳೆಯುವಷ್ಟರಲ್ಲಿ ಮಗುವೇ ಬಂದು ತೊಟ್ಟಿಲಲ್ಲಿ ಮಲಗಿರುತ್ತದೆ. ಊರಿನಿಂದ ಹೆಂಡತಿ ಮೋಹಿನಿ ದಿನಾ ಫೋನು ಮಾಡುತ್ತಿದ್ದಳು.

"ರಜೆ ಕೇಳಿದ್ರಾ?"

"ಕೇಳ್ತೇನೆ ಮಾರಾಯ್ತಿ. ಸಾಹೇಬರ ಮುಖ ನೋಡಿ ಕೇಳ್ಬೇಕು. ಅವರ ದೇಶದಲ್ಲಿ ಚುನಾವಣೆ ಉಂಟು."

"ಅವರ ಚುನಾವಣೆಗೂ ನಮ್ಮ ಮಗಳ ಹೊಟ್ಟೆಗೂ ಎಂತ ಸಂಬಂಧ?"

ಸಂಬಂಧ ಇತ್ತು, ಗುರುವನ ತಲೆಯಲ್ಲಿ. ಸಾಹೇಬರ ಪಕ್ಷ ಯಾವುದೆಂದು ಪತ್ತೆಹಚ್ಚಿ, ಅದನ್ನೇ ಹೊಗಳಿ, ಅವರು ಖುಷಿಯಲ್ಲಿದ್ದಾಗ ಅರ್ಜಿ ಮುಂದಿಡುವುದು. ಬ್ರಾಯನ್ ಕೆಂಪು ಮಗ್ಗಿನಲ್ಲಿ ಚಹಾ ಕುಡಿದ ದಿನ ಗುರುವ ಕೆಂಪು ಬಣ್ಣದ ಲೇಬರ್ ಪಕ್ಷವನ್ನು ಹೊಗಳಿದ. ನೀಲಿ ಅಂಗಿ ಹಾಕಿ ಬಂದ ದಿನ ನೀಲಿ ಬಣ್ಣದ ಕನ್ಸರ್ವೇಟಿವ್ ಪಕ್ಷವನ್ನು. ಬ್ರಾಯನ್ ಎರಡಕ್ಕೂ "ಹ್ಮ್" ಎಂದ. ಕೊನೆಗೆ ಗುರುವನಿಗೆ ಯಾರಿಗೂ ಬೇಜಾರಾಗದ ದಾರಿ ಹೊಳೆಯಿತು.

"ಯಾರಿಗೂ ಬಹುಮತ ಬರುವುದಿಲ್ಲ, ಸರ್. ಮುನ್ನೂರ ಇಪ್ಪತ್ತಾರು ಸೀಟು ಬೇಕು. ಇಲ್ಲದಿದ್ದರೆ ಸಮ್ಮಿಶ್ರ. ನಮ್ಮ ಕರ್ನಾಟಕದವರನ್ನು ಕೇಳಿ, ನಾವು ಅದರಲ್ಲಿ ಡಾಕ್ಟರೇಟ್ ಮಾಡಿದವರು. ಗೆದ್ದವರನ್ನು ಮೊದಲು ಬಸ್ಸು ಹತ್ತಿಸಿ ರೆಸಾರ್ಟಿಗೆ ಸಾಗಿಸಬೇಕು."

"ರೆಸಾರ್ಟಿಗೆ?" ಬ್ರಾಯನ್ ಮಗ್ ಕೆಳಗಿಟ್ಟ. "ಈಜುಕೊಳ ಇರುತ್ತದೆಯೇ?"

"ಇರುತ್ತದೆ ಸರ್. ಫೋನು ಮಾತ್ರ ಕಸಿದುಕೊಳ್ಳುತ್ತಾರೆ."

ಬ್ರಾಯನ್ ನಕ್ಕು ಹೊರಗೆ ಹೋದ. ಬೀಟ್ರಿಸ್ ಬಿಸ್ಕತ್ತು ಅದ್ದುತ್ತಾ ಕೇಳಿದಳು: "ಗುರುವಣ್ಣ, ನಿಮಗೆ ಅಲ್ಲಿ ವೋಟೂ ಇಲ್ಲ, ನೆಂಟರೂ ಇಲ್ಲ. ಎಂತಕ್ಕೆ ಇಷ್ಟು ಬಿಸಿ?"

"ನಿಮಗೆ ರಾಜಕೀಯ ಅರ್ಥ ಆಗುವುದಿಲ್ಲ, ಬೀಟ್ರಿಸ್ ಬಾಯಿ," ಎಂದ ಗುರುವ, ಬಹಳ ಗಂಭೀರವಾಗಿ.

ಶುಕ್ರವಾರ ಫಲಿತಾಂಶ ಬಂತು. ಜೀವಮಾನದಲ್ಲಿ ಮೊದಲ ಸಲ ಗುರುವನ ಭವಿಷ್ಯ ನಿಜವಾಗಿತ್ತು! ದೊಡ್ಡ ಪಕ್ಷಕ್ಕೆ ಎಂಟು ಸೀಟು ಕಡಿಮೆ. ಉತ್ತರ ಐರ್ಲೆಂಡಿನ ಒಂದು ಪುಟ್ಟ ಪಕ್ಷದ ಹತ್ತು ಜನರ ಕೈಯಲ್ಲಿ ಕೀಲಿಕೈ. ಬ್ರಾಯನ್ ಅದೇ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನವನೆಂದು ಅಂದೇ ಯಾರೋ ಹೇಳಿದರು. ಗುರುವ ಸೀದಾ ಸೂಕ್ ಪೇಟೆಗೆ ಹೋಗಿ ದೊಡ್ಡ ಡಬ್ಬಿ ಒಮಾನಿ ಹಲ್ವ ತಂದ.

ಭಾನುವಾರ ಆಫೀಸು ತೆರೆದ ಕೂಡಲೇ ಸಾಹೇಬರ ಕೋಣೆಗೆ ನುಗ್ಗಿದ. "ಅಭಿನಂದನೆ ಸರ್! ನಿಮ್ಮ ಊರಿನ ಹತ್ತು ಜನ ಇಡೀ ದೇಶವನ್ನೇ ಕುಣಿಸುತ್ತಿದ್ದಾರೆ!"

ಬ್ರಾಯನ್ ಡಬ್ಬಿಯನ್ನೊಮ್ಮೆ, ಗುರುವನನ್ನೊಮ್ಮೆ ನೋಡಿದ. "ಆ ಹತ್ತು ಜನ ನಮ್ಮವರಲ್ಲ, ಗುರುವ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಅವರ ವಿರುದ್ಧವೇ ವೋಟು. ನಮ್ಮ ಪಕ್ಷಕ್ಕೆ ಮೂರು ಸೀಟು ಇತ್ತು. ಮೂರೂ ಹೋಯಿತು."

ರಂಜಾನಿನಲ್ಲಿ ಹಲ್ವವನ್ನು ಅಲ್ಲಿ ತಿನ್ನುವ ಹಾಗಿಲ್ಲ, ವಾಪಸು ಒಯ್ಯುವ ಹಾಗೂ ಇಲ್ಲ. ಸೋತವನ ಮನೆ ಬಾಗಿಲಲ್ಲಿ ಪಟಾಕಿ ಹೊಡೆದ ಹಾಗಾಯಿತಲ್ಲ ಎಂದು ಗುರುವ ಡಬ್ಬಿ ಹಿಡಿದು ನಿಂತೇ ಇದ್ದ.

"ಮೂರು ವಾರದಿಂದ ನನ್ನ ಹಿಂದೆ ಸುತ್ತುತ್ತಿದ್ದೀಯ," ಎಂದ ಬ್ರಾಯನ್. "ನಿಜವಾಗಿ ನಿನಗೆ ಏನು ಬೇಕು?"

"ರಜೆ ಸರ್. ಜುಲೈ ಮೊದಲ ವಾರ. ಮಗಳ ಕಾರ್ಯ."

"ಅಷ್ಟೇನಾ? ಕೇಳಿದ್ದರೆ ಕೊಡುತ್ತಿದ್ದೆ. ಬೀಟ್ರಿಸ್ ಕೇಳಿದಳು, ಕೊಟ್ಟೆ, ಅದೇ ವಾರ. ಬಿಲ್ಲಿಂಗಿನಲ್ಲಿ ಒಬ್ಬರು ಇರಲೇಬೇಕು. ಈಗ ಅವಳನ್ನೇ ಒಪ್ಪಿಸು."

ಮೂರು ವಾರ ಲಂಡನ್ನಿನ ಲೆಕ್ಕ ಹಾಕಿದವನಿಗೆ ಪಕ್ಕದ ಕುರ್ಚಿಯ ಲೆಕ್ಕ ಸಿಕ್ಕಿರಲಿಲ್ಲ. ಚಹಾದ ಹೊತ್ತಿಗೆ ಪ್ಯಾಂಟ್ರಿಯ ಬಾಗಿಲು ಹಾಕಿ, ಹಲ್ವದ ಡಬ್ಬಿ ಬೀಟ್ರಿಸಳ ಮುಂದಿಟ್ಟು, ವಿಷಯ ಹೇಳಿದ.

"ಓ, ಸೀಮಂತವಾ? ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ ಗುರುವಣ್ಣ? ನಾನು ಸುಮ್ಮನೆ ಮಳೆ ನೋಡ್ಲಿಕ್ಕೆ ಊರಿಗೆ ಹೊರಟದ್ದು."

"ಇನ್ನು ಸ್ವಲ್ಪ ದಿನದಲ್ಲಿ ಇಲ್ಲಿಯೂ ಮಳೆ ಬರ್ತದಲ್ಲ, ಬಾಯಿ?"

"ಇಲ್ಲಿಯದು ಮಳೆಯಾ? ಇಸ್ತ್ರಿ ಹಾಕುವವ ಬಟ್ಟೆಗೆ ಚಿಮುಕಿಸುವ ನೀರು ಅದು." ಅವಳು ಹಲ್ವದ ಮೇಲಿನ ಗೋಡಂಬಿ ಕಿತ್ತು ಬಾಯಿಗೆ ಹಾಕಿಕೊಂಡಳು. "ಆಯ್ತು, ನಾನು ಆಗಸ್ಟಿಗೆ ಹೋಗ್ತೇನೆ. ಆದ್ರೆ ಷರತ್ತು ಉಂಟು. ಬರುವಾಗ ನಿಮ್ಮ ಲಗೇಜಿನಲ್ಲಿ ಹತ್ತು ಕಿಲೋ ನನ್ನದು. ಕೊಚ್ಚಕ್ಕಿ, ಹಲಸಿನ ಹಪ್ಪಳ, ಒಣ ಸೀಗಡಿ."

ಮತ್ತೆ ಹತ್ತು! ಗುರುವ ಡಬ್ಬಿಯನ್ನು ಅವಳತ್ತ ಇನ್ನೂ ಸರಿಸಿದ. "ಒಪ್ಪಿದೆ."

"ಎರಡನೆಯದು, ಇನ್ನು ಈ ಪ್ಯಾಂಟ್ರಿಯಲ್ಲಿ ರಾಜಕೀಯ ಖಲಾಸ್. ಒಂದು ಶಬ್ದ ಬಂದ್ರೂ ಬೆಂಬಲ ವಾಪಸ್."

ಒಣ ಸೀಗಡಿಯ ವಾಸನೆಗಿಂತ ಇದು ಭಾರವಾಗಿತ್ತು. ಗುರುವ ಪ್ರಣೀತಾಳ ಮುಖ ನೆನೆದುಕೊಂಡ. "ಒಪ್ಪಿದೆ ಬಾಯಿ. ಇದು ಬಾಹ್ಯ ಬೆಂಬಲವಾ, ಅಥವಾ..."

"ಗುರುವಣ್ಣ!"

ಆಗಲೇ ಬಾಗಿಲು ತೆರೆದು ಬ್ರಾಯನ್ ಒಳಗೆ ಬಂದ, ಕೈಯಲ್ಲಿ ಕೆಂಪು ಮಗ್. ಹಲ್ವ ಕಂಡು ಮುಖ ಸ್ವಲ್ಪ ಸಡಿಲವಾಯಿತು. "ಅದಿರಲಿ ಗುರುವ, ನೀನು ಹೇಳಿದ ಹಾಗೇ ಆಯಿತು. ಈ ಸರಕಾರ ಎಷ್ಟು ದಿನ ಬಾಳುತ್ತದೆ?"

ಜೀವಮಾನದಲ್ಲಿ ಮೊದಲ ಸಲ ಒಬ್ಬ ಬ್ರಿಟನ್ನಿನವನು ಬ್ರಿಟನ್ನಿನ ರಾಜಕೀಯವನ್ನು ತಾನಾಗಿ ಗುರುವನ ಹತ್ತಿರ ಕೇಳಿದ್ದ. ಎಂಟು, ಹತ್ತು, ಮುನ್ನೂರ ಇಪ್ಪತ್ತಾರು, ಎಲ್ಲವೂ ನಾಲಿಗೆಯ ತುದಿಯಲ್ಲಿ ಬಂದು ಸಾಲಾಗಿ ನಿಂತವು. ಬೀಟ್ರಿಸ್ ಬಿಸ್ಕತ್ತು ಅರ್ಧಕ್ಕೆ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಸಕ್ಕರೆ ಎಷ್ಟು ಹಾಕಲಿ, ಸರ್?" ಎಂದ ಗುರುವ.